ಹಬ್ಬದ ಬಸ್ಸು, ಹಸಿ ಕೊಕ್ಕೊ, ಮೂರು ಸಿಮ್ಮು: ದರ ಕಟ್ಟುವುದು ಯಾರು?

ಮಾನ್ಯ ಸಂಪಾದಕರೆ,

ದಸರಾ, ದೀಪಾವಳಿ ಬಂತೆಂದರೆ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಖಾಸಗಿ ಬಸ್ಸಿನವರಿಗೆ ಬೈಗುಳ ಶುರುವಾಗುತ್ತದೆ. ಬೆಂಗಳೂರಿನಿಂದ ಊರಿಗೆ ಬರುವ ಸೀಟಿಗೆ ಎರಡು ಪಟ್ಟು, ಮೂರು ಪಟ್ಟು ಕೇಳುತ್ತಾರೆ, ಹಗಲು ದರೋಡೆ, ಸರ್ಕಾರ ದರಕ್ಕೆ ಮಿತಿ ಹಾಕಲಿ ಅಂತ. ಬೈಗುಳದಲ್ಲಿ ನನ್ನ ಪಾಲೂ ಇರಲಿ. ನಮ್ಮ ಮನೆಯ ಮಕ್ಕಳೂ ಅದೇ ಬಸ್ಸಲ್ಲಿ ಬರುವವರು. ಆದರೆ ಮಿತಿ ಹಾಕಿದ ಕೂಡಲೇ ಎಲ್ಲಾ ಸರಿಹೋಗುತ್ತದೆ ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಜಾಗ ಇಲ್ಲದಿದ್ದರೆ ಕತ್ತರಿ ಹಾಕಿ, ಬೇಜಾರಿಲ್ಲ.

ಮೊದಲು ಬಸ್ಸಿನ ಲೆಕ್ಕ. ಬಸ್ಸು ಹೊರಟ ಮೇಲೆ ಖಾಲಿ ಸೀಟಿಗೆ ಕವಡೆ ಕಾಸಿನ ಬೆಲೆ ಇಲ್ಲ. ಡೀಸೆಲ್ಲು, ಡ್ರೈವರ್ ಸಂಬಳ, ಟೋಲು, ತೆರಿಗೆ ಎಲ್ಲಾ ಬಸ್ಸು ತುಂಬಿದರೂ ಅಷ್ಟೇ, ಅರ್ಧ ಖಾಲಿ ಇದ್ದರೂ ಅಷ್ಟೇ. ಹಾಗಾಗಿ ಹಬ್ಬ ಇಲ್ಲದ ಒಂದು ಮಂಗಳವಾರ ರಾತ್ರಿ ಅದೇ ಮಾಲೀಕ ಅದೇ ಸೀಟನ್ನು ಸಿಕ್ಕಿದಷ್ಟಕ್ಕೆ ಬಿಡುತ್ತಾನೆ. ಆವಾಗ ಯಾರೂ ನಿಮಗೆ ಪತ್ರ ಬರೆಯುವುದಿಲ್ಲ ಅಲ್ವಾ? ಹಬ್ಬದ ಹಿಂದಿನ ದಿನ ಎಲ್ಲರೂ ಒಂದೇ ದಿಕ್ಕಿಗೆ ಹೊರಡುತ್ತಾರೆ, ಬಸ್ಸು ವಾಪಸ್ ಬೆಂಗಳೂರಿಗೆ ಹೆಚ್ಚು ಕಡಿಮೆ ಖಾಲಿ ಹೋಗುತ್ತದೆ, ಆ ರಾತ್ರಿಗೆ ಸೀಟುಗಳ ಸಂಖ್ಯೆ ಇಷ್ಟೇ ಅಂತ ಗೊತ್ತಿರುತ್ತದೆ. ಇದರ ಮೇಲೆ ಮೊಬೈಲ್ ಆ್ಯಪ್ ಬೇರೆ. ಪ್ರಯಾಣಿಕರಿಗೆ ಎಲ್ಲಾ ಬಸ್ಸಿನ ದರ ಒಂದೇ ಕಡೆ ಕಾಣಲಿ ಅಂತ ಮಾಡಿದ್ದು ಅದು, ಆದರೆ ಮಾಲೀಕರಿಗೂ ಪಕ್ಕದವ ಎಷ್ಟು ಇಟ್ಟಿದ್ದಾನೆ ಅಂತ ಕೂತಲ್ಲೇ ಕಾಣುತ್ತದೆ. ಒಟ್ಟಿಗೆ ಕೂತು ದರ ಮಾತಾಡುವ ಅಗತ್ಯವೇ ಇಲ್ಲ.

ಸಾರಿಗೆ ಇಲಾಖೆಯವರು ಪ್ರತಿ ಹಬ್ಬಕ್ಕೂ ಎಚ್ಚರಿಕೆ ಕೊಡುತ್ತಾರೆ, ನಾಲ್ಕು ಬಸ್ಸು ಹಿಡಿದು ದಂಡ ಹಾಕುತ್ತಾರೆ, ಪೇಪರಿನಲ್ಲಿ ಫೋಟೊ ಬರುತ್ತದೆ. ಮುಂದಿನ ಹಬ್ಬಕ್ಕೆ ಅದೇ ಕಥೆ. ನಿಜವಾಗಿ ಬಿಗಿಯಾಗಿ ಮಿತಿ ಹಾಕಿದರು ಅಂತಲೇ ಇಟ್ಟುಕೊಳ್ಳಿ. ಆಗ ಆ್ಯಪಿನಲ್ಲಿ ಸೀಟು ಫುಲ್ ಅಂತ ತೋರಿಸುತ್ತದೆ, ಪರಿಚಯದ ಏಜೆಂಟರಿಗೆ ಫೋನ್ ಮಾಡಿದವರಿಗೆ ಸಿಗುತ್ತದೆ, ದುಡ್ಡು ಕೈಯಲ್ಲಿ. ಪರಿಚಯ ಇಲ್ಲದವರು ಮೆಜೆಸ್ಟಿಕ್ಕಿನಲ್ಲಿ ಬ್ಯಾಗು ಹಿಡಿದು ನಿಂತಿರಬೇಕು.

ದರ ಕಟ್ಟಿಹಾಕಿದರೆ ಪೈಪೋಟಿ ನಿಲ್ಲುವುದಿಲ್ಲ, ಬೇರೆ ಕಡೆ ತಿರುಗುತ್ತದೆ. ಮಂಗಳೂರು–ಉಡುಪಿ ದಾರಿಯ ಖಾಸಗಿ ಬಸ್ಸುಗಳನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿ ಟಿಕೆಟ್ ದರ ಸರ್ಕಾರ ಹೇಳಿದ್ದು. ಹತ್ತಾರು ಮಾಲೀಕರು, ಒಂದೇ ರಸ್ತೆ, ಒಂದೇ ದರ. ದರದಲ್ಲಿ ಪೈಪೋಟಿ ಮಾಡಲು ಆಗುವುದಿಲ್ಲ, ಹಾಗಾಗಿ ಟೈಮಿನಲ್ಲಿ ಮಾಡುತ್ತಾರೆ. ಮುಂದಿನ ಬಸ್ಸಿಗಿಂತ ಒಂದು ನಿಮಿಷ ಮೊದಲು ಸ್ಟಾಪಿಗೆ ಬಂದವನಿಗೆ ಜನ ಸಿಗುತ್ತಾರೆ. ಅದಕ್ಕೇ ಆ ಹಾರ್ನು, ಆ ಓವರ್‌ಟೇಕು, ಬಾಗಿಲಲ್ಲಿ ನೇತಾಡುವ ಕಂಡಕ್ಟರ್, ಟೈಮಿಂಗ್ ವಿಷಯಕ್ಕೆ ಬಸ್ ಸ್ಟಾಂಡಿನಲ್ಲಿ ಜಗಳ. ಜೀವ ಕೈಯಲ್ಲಿ ಹಿಡಿದು ಕೂರುವವರು ನಾವು. ಒಳ್ಳೆಯದೂ ಇದೆ, ಅದನ್ನೂ ಹೇಳಬೇಕು: ಸ್ಟಾಪಿನಲ್ಲಿ ಐದು ನಿಮಿಷ ಕಾಯುವುದರೊಳಗೆ ಬಸ್ಸು ಬರುತ್ತದೆ. ರಾಜ್ಯದ ಎಷ್ಟು ಕಡೆ ಈ ಸುಖ ಇದೆ ಹೇಳಿ.

ಹಾಗಾದರೆ ಹಬ್ಬದ ದರ ಹಿಡಿಯುವುದು ಹೇಗೆ? ಒಮ್ಮೆ ಗಮನಿಸಿ ನೋಡಿ, ಕೆಎಸ್‌ಆರ್‌ಟಿಸಿ ಸೀಟು ಇರುವವರೆಗೆ ಖಾಸಗಿಯವರ ದರ ಒಂದು ಹದದಲ್ಲೇ ಇರುತ್ತದೆ. ಸರ್ಕಾರಿ ಬಸ್ಸು ಭರ್ತಿ ಆದ ಮೇಲೆ ಏರುವುದು ಶುರು. ಖಾಸಗಿಯವನಿಗೆ ಇಲಾಖೆಯ ನೋಟಿಸಿಗಿಂತ ಹೆಚ್ಚು ಹೆದರಿಕೆ ಇರುವುದು ಪಕ್ಕದಲ್ಲಿ ನಿಂತ, ಅರ್ಧ ದರಕ್ಕೆ ಕರೆದುಕೊಂಡು ಹೋಗುವ ಇನ್ನೊಂದು ಬಸ್ಸಿನದ್ದು. ನನ್ನ ವಾದ ಇಷ್ಟೇ. ಮಾರುವವರೋ ಕೊಳ್ಳುವವರೋ ಕೆಲವೇ ಮಂದಿ ಇರುವ ಕಡೆ, ಆದೇಶ ಹೊರಡಿಸುವುದಕ್ಕಿಂತ ಲಾಭಕ್ಕೆ ಜೋತುಬೀಳದ ಒಬ್ಬ ಗಟ್ಟಿ ಸ್ಪರ್ಧಿಯನ್ನು ಅದೇ ಕಣದಲ್ಲಿ ನಿಲ್ಲಿಸುವುದು ಹೆಚ್ಚು ಕೆಲಸ ಮಾಡುತ್ತದೆ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ, ತೋಟದಲ್ಲಿ ನೋಡಿ ಹೇಳುತ್ತಿದ್ದೇನೆ. ನಾವು ಅಡಿಕೆಯವರು, ನಡುವೆ ಚಾಕೊಲೇಟಿಗೆ ಹೋಗುವ ಕೊಕ್ಕೊ ಇದೆ. ನಮ್ಮ ಕಡೆ ಅಡಿಕೆ ತೋಟಗಳಿಗೆ ಕೊಕ್ಕೊ ಹಬ್ಬಿದ್ದು 1970ರ ದಶಕದಲ್ಲಿ. ನೆಡಿ ನೆಡಿ ಅಂತ ಹೇಳಿದ್ದು, ಬೆಳೆದದ್ದನ್ನು ಕೊಂಡದ್ದು ಬಹುಮಟ್ಟಿಗೆ ಒಂದೇ ದೊಡ್ಡ ಚಾಕೊಲೇಟ್ ಕಂಪನಿ. ಕೊಳ್ಳುವವರು ಇರುವಾಗ ಎಲ್ಲಾ ಚಂದ. ಆ ದಶಕ ಮುಗಿಯುವ ಹೊತ್ತಿಗೆ ಹೊರದೇಶದಲ್ಲಿ ಬೆಲೆ ಬಿತ್ತು, ಕಂಪನಿ ಖರೀದಿಯಿಂದ ಹಿಂದೆ ಸರಿಯಿತು. ಇಲ್ಲಿ ರೈತರ ಕೈಯಲ್ಲಿ ಕೋಡು, ಅಂದರೆ ಕೊಕ್ಕೊ ಕಾಯಿ, ಮಾತ್ರ ಉಳಿಯಿತು. ಎಷ್ಟೋ ಮಂದಿ ಗಿಡವನ್ನೇ ಕಡಿದರು.

ಅಡಿಕೆಗೂ ಹಸಿ ಕೊಕ್ಕೊಗೂ ಒಂದು ದೊಡ್ಡ ವ್ಯತ್ಯಾಸ ಇದೆ, ಪೇಟೆಯವರಿಗೆ ಇದು ತಿಳಿಯದು. ಚಾಲಿ ಅಡಿಕೆ ಒಣಗಿಸಿ, ಸುಲಿದು ಗೋಣಿಯಲ್ಲಿ ಕಟ್ಟಿಟ್ಟರೆ ವರ್ಷಗಟ್ಟಲೆ ಇಡಬಹುದು. ಹಳೆಯದಕ್ಕೆ ರೇಟೂ ಜಾಸ್ತಿ. ಇವತ್ತು ಬೆಲೆ ಸರಿ ಇಲ್ಲವೋ, ಬಿಡಿ, ಮಗಳ ಮದುವೆಗೆ ಕೊಟ್ಟರಾಯಿತು ಅನ್ನಬಹುದು. ಹಸಿ ಕೊಕ್ಕೊ ಹಾಗಲ್ಲ. ಕೋಡು ಒಡೆದು ಬೀಜ ತೆಗೆದ ಮೇಲೆ ಅದರ ರಸ ಇಳಿಯುತ್ತಾ ಹೋಗುತ್ತದೆ, ತೂಕ ಕಡಿಮೆಯಾಗುತ್ತಾ ಹೋಗುತ್ತದೆ. ಹೆಚ್ಚೆಂದರೆ ಒಂದೆರಡು ದಿನದಲ್ಲಿ ಮಾರಲೇಬೇಕು. ಹುದುಗು ಬರಿಸಿ ಒಣಗಿಸಲು ವಾರ, ಹತ್ತು ದಿನ ಬೇಕು, ನಮ್ಮ ಮಳೆಗಾಲದಲ್ಲಿ ಒಣಗಿಸುವುದಾದರೂ ಎಲ್ಲಿ? ಕಾಯಲು ಆಗದವನ ಮುಂದೆ ಕಾಯಬಲ್ಲ ಒಬ್ಬನೇ ಕೊಳ್ಳುವವ ನಿಂತರೆ ರೇಟು ಯಾರು ಹೇಳುತ್ತಾರೆ ಅಂತ ಬೇರೆ ಹೇಳಬೇಕಾ? ಸರಕು ಒಂದೇ ಗುಣದ್ದಾದರೂ ಯಾರಿಗೆ ಎಷ್ಟು ಹೊತ್ತು ತಡೆದುಕೊಳ್ಳಲು ಆಗುತ್ತದೆ ಅನ್ನುವುದರ ಮೇಲೆ ಬೆಲೆ ನಿಲ್ಲುತ್ತದೆ. ಕೋಲಾರದ ಟೊಮೆಟೊ ರೈತರಿಗೂ ಇದೇ ಸಂಕಟ, ಅಲ್ಲಿ ಕೊಳ್ಳುವವರು ತುಂಬಾ ಮಂದಿ ಇದ್ದರೂ.

ಆ ಕಂಪನಿ ಕೈಬಿಟ್ಟಾಗ ಕೊಕ್ಕೊ ಬೆಳೆಗಾರರ ನೆರವಿಗೆ ಬಂದದ್ದು ಕ್ಯಾಂಪ್ಕೋ. ಅಡಿಕೆ ಬೆಲೆ ನೆಲ ಕಚ್ಚಿದ್ದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ, ಕೇರಳದ ಬೆಳೆಗಾರರು ಸೇರಿ ಕಟ್ಟಿದ ಸಹಕಾರಿ ಅದು. ಕಟ್ಟಿದ್ದೇ ಅಡಿಕೆಗೆ, ಕೊಕ್ಕೊ ಅದರ ಕೆಲಸ ಆಗಿರಲಿಲ್ಲ. ಆದರೂ ಕೊಕ್ಕೊ ಕೊಳ್ಳಲು ಶುರು ಮಾಡಿತು. ಕೊಂಡದ್ದನ್ನು ಏನು ಮಾಡುವುದು ಅನ್ನುವ ಪ್ರಶ್ನೆಗೆ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಹಾಕಿತು. ಅಡಿಕೆ ರೈತರು ಚಾಕೊಲೇಟ್ ಮಾಡುತ್ತಾರಂತೆ ಅಂತ ನಕ್ಕವರು ಇದ್ದರು. ಈಗ ನಗುವವರು ಯಾರೂ ಇಲ್ಲ.

ಕ್ಯಾಂಪ್ಕೋ ಊರಿನ ಎಲ್ಲಾ ಅಡಿಕೆಯನ್ನೂ, ಎಲ್ಲಾ ಕೊಕ್ಕೊವನ್ನೂ ಕೊಳ್ಳುವುದಿಲ್ಲ. ಖಾಸಗಿ ಅಂಗಡಿಗೆ ಹೋಗುವ ಮಾಲು ಧಾರಾಳ ಇದೆ. ಆದರೆ ಖಾಸಗಿ ಅಂಗಡಿಯ ಕಟ್ಟೆ ಹತ್ತುವ ಮೊದಲು ಪ್ರತಿಯೊಬ್ಬ ರೈತನೂ ಕೇಳುವ ಪ್ರಶ್ನೆ ಒಂದೇ: ಕ್ಯಾಂಪ್ಕೋದಲ್ಲಿ ಇವತ್ತು ಎಷ್ಟು ಮಾರಾಯ್ರೆ? ಅಂಗಡಿಯವರು ಅದರ ಮೇಲೆ ಒಂದೋ ಎರಡೋ ಸೇರಿಸಿ ಹೇಳುತ್ತಾರೆ. ಕೆಲವರು ಬಿಲ್ ಇಲ್ಲದೆ ಸೇರಿಸುತ್ತಾರೆ, ಅದು ಬೇರೆ ವಿಷಯ, ಅದರ ಬಗ್ಗೆ ಬರೆದರೆ ಜಗಳ ಆಗುತ್ತದೆ. ಅಂದರೆ ಸಹಕಾರಿಗೆ ಒಂದು ಕಿಲೋ ಕೊಡದ ರೈತನಿಗೂ ಅದರ ರೇಟಿನ ಲಾಭ ಸಿಗುತ್ತದೆ. ಸಹಕಾರಿಗೆ ಇದರಿಂದ ನಷ್ಟವೇ ಅನ್ನಿ, ಬೆಲೆ ಏರಿದಾಗ ಸದಸ್ಯರೇ ಹೊರಗೆ ಮಾರುತ್ತಾರೆ, ಬಿದ್ದಾಗ ಎಲ್ಲರೂ ಇದರ ಬಾಗಿಲಿಗೆ ಬರುತ್ತಾರೆ. ಆದರೂ ಅದು ಅಲ್ಲಿ ಇರಬೇಕು.

ಹಾಗಂತ ಸಹಕಾರಿ ಮಂತ್ರದಂಡ ಅಲ್ಲ. 2024ರಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಪ್ರಪಂಚದ ಅರ್ಧಕ್ಕಿಂತ ಹೆಚ್ಚು ಕೊಕ್ಕೊ ಬೆಳೆಯುವುದು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾದಲ್ಲಿ. ಅಲ್ಲಿ ಮಳೆ ಕೆಟ್ಟಿತು, ಗಿಡಗಳಿಗೆ ರೋಗ ಬಂತು, ಟನ್ನಿನ ಬೆಲೆ 10,000 ಡಾಲರ್ ದಾಟಿತು. ನೂರರ ಒಳಗೆ ಇದ್ದ ನಮ್ಮ ಹಸಿ ಕೊಕ್ಕೊ ಕಿಲೋಗೆ ಮುನ್ನೂರು ದಾಟಿತು. ಗಿಡ ಕಡಿದವರು ಕೈ ಕೈ ಹಿಸುಕಿಕೊಂಡರು, ಅಳಿಲು, ಮಂಗ ತಿಂದ ಕೋಡಿಗೆ ಮೊದಲ ಸಲ ಲೆಕ್ಕ ಇಟ್ಟೆವು. 2025ರಲ್ಲಿ ಹೊರಗೆ ಬೆಲೆ ಇಳಿಯಿತು, ಇಲ್ಲಿಯೂ ಇಳಿಯಿತು, ಕ್ಯಾಂಪ್ಕೋವೂ ಇಳಿಸಿತು. ಪ್ರಪಂಚದ ಬೆಲೆಯ ಎದುರು ಮಂಗಳೂರಿನ ಸಹಕಾರಿ ಏನು ಮಾಡಲು ಸಾಧ್ಯ? ಅದು ಮಾಡುವ ಕೆಲಸ ಅಂದರೆ ಏರಿದ ಬೆಲೆ ಮಧ್ಯದಲ್ಲಿ ಯಾರದೋ ಕಿಸೆಗೆ ಪೂರ್ತಿ ಹೋಗದ ಹಾಗೆ ನೋಡಿಕೊಳ್ಳುವುದು.

ಅದು ಸಣ್ಣ ವಿಷಯ ಅಲ್ಲ. ಅದೇ ಐವರಿ ಕೋಸ್ಟಿನ ರೈತನನ್ನು ನೋಡಿ. ಅಲ್ಲಿ ಹಂಗಾಮಿನ ಶುರುವಿಗೇ ಸರ್ಕಾರ ದರ ಗೊತ್ತು ಮಾಡುತ್ತದೆ. ಪ್ರಪಂಚದ ಬೆಲೆ ಆಕಾಶಕ್ಕೆ ಹೋದಾಗ ಅವನಿಗೆ ಸಿಗುತ್ತಿದ್ದದ್ದು ಒಣ ಬೀಜಕ್ಕೆ ಕಿಲೋಗೆ 1,000 ಫ್ರಾಂಕ್, ನಮ್ಮ ಲೆಕ್ಕದಲ್ಲಿ 140 ರೂಪಾಯಿ ಆಸುಪಾಸು. 2024ರ ಏಪ್ರಿಲ್‌ನಲ್ಲಿ ಅದನ್ನು 1,500ಕ್ಕೆ ಏರಿಸಿದರು. ನಮ್ಮವರಿಗೆ ಹಸಿ ಬೀಜಕ್ಕೇ ಅದಕ್ಕಿಂತ ಜಾಸ್ತಿ ಸಿಕ್ಕಿತು. ಬೆಲೆ ಬಿದ್ದಾಗ ಅವನಿಗೆ ರಕ್ಷಣೆ ಇರುತ್ತದೆ, ಒಪ್ಪುತ್ತೇನೆ. ಆದರೆ ಏರಿದಾಗ ಅವನಿಗೆ ಹೋಗಲು ಬೇರೆ ಬಾಗಿಲು ಇಲ್ಲ, ಗಡಿ ದಾಟಿಸಿ ಕದ್ದು ಮಾರುವುದೊಂದು ಬಿಟ್ಟು.

ಕೊಡಗು, ಚಿಕ್ಕಮಗಳೂರು, ಹಾಸನದ ಹಿರಿಯ ಬೆಳೆಗಾರರಿಗೆ ಇದು ಹೊಸ ಕಥೆ ಅಲ್ಲ. 1942ರ ಕಾಯ್ದೆಯ ಪ್ರಕಾರ ಬೆಳೆದ ಕಾಫಿಯನ್ನು ಎಲ್ಲರದ್ದೂ ಒಟ್ಟು ಸೇರುವ ಕಾಫಿ ಬೋರ್ಡಿನ ಪೂಲ್‌ಗೇ ಕೊಡಬೇಕಿತ್ತು. ತನ್ನ ಕಾಫಿಯನ್ನು ತಾನೇ ಮಾರುವಂತಿಲ್ಲ. ಬೋರ್ಡು ಹರಾಜು ಹಾಕಿ, ಮಾರಿ, ದುಡ್ಡನ್ನು ಕಂತು ಕಂತಾಗಿ ಕೊಡುತ್ತಿತ್ತು. 1992ರಿಂದ ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿ, 1996ರಲ್ಲಿ ಪೂರ್ತಿ ಬಿಟ್ಟರು. ಬೋರ್ಡು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಎರಡನೇ ಮಹಾಯುದ್ಧದ ಕಾಲದಲ್ಲಿ ಪೂಲ್ ಇಲ್ಲದಿದ್ದರೆ ಎಷ್ಟೋ ಎಸ್ಟೇಟು ಮುಳುಗುತ್ತಿದ್ದವು. ಆದರೆ ಸರ್ಕಾರಿ ಸಂಸ್ಥೆಯಾದರೂ ಅದೊಂದೇ ಕೊಳ್ಳುವವ ಆದರೆ, ಅದಕ್ಕೂ ಆ ಚಾಕೊಲೇಟ್ ಕಂಪನಿಗೂ ರೈತನ ಕಣ್ಣಲ್ಲಿ ಬಹಳ ವ್ಯತ್ಯಾಸ ಇರುವುದಿಲ್ಲ. ಕ್ಯಾಂಪ್ಕೋ ಕೆಲಸ ಮಾಡುವುದು ಅದು ಅಂಗಡಿಗಳ ನಡುವೆ ಇನ್ನೊಂದು ಅಂಗಡಿಯಾಗಿ ಇರುವುದರಿಂದ.

ಈಗ ಮೊಬೈಲಿಗೆ ಬರೋಣ, ಯಾಕೆಂದರೆ ಇಲ್ಲಿ ನಾವು ಅಂಥ ಒಬ್ಬ ಸ್ಪರ್ಧಿಯನ್ನು, ಸರ್ಕಾರಿ ಬಿಎಸ್‌ಎನ್‌ಎಲ್ ಅನ್ನು, ಕೈಯಾರೆ ಸೊರಗಿಸಿದೆವು. ಆಗಿನ ಮೊಬೈಲ್ ಕಂಪನಿಗಳು ನೆನಪಿವೆಯಾ? ಏರ್‌ಸೆಲ್, ಡೊಕೊಮೊ, ಟೆಲಿನಾರ್? 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂದು ತಿಂಗಳುಗಟ್ಟಲೆ ಎಲ್ಲಾ ಪುಕ್ಕಟೆ ಕೊಟ್ಟಿತು. ಒಂದು ಜಿಬಿಗೆ ಇನ್ನೂರರ ಮೇಲೆ ಕೊಡುತ್ತಿದ್ದ ನಾವು ಕುಣಿದೆವು. ಆ ದರ ಯುದ್ಧದಲ್ಲಿ ಒಬ್ಬೊಬ್ಬರೇ ಉದುರಿದರು ಇಲ್ಲವೇ ಇನ್ನೊಬ್ಬರ ಹೊಟ್ಟೆ ಸೇರಿದರು. 2018ರಲ್ಲಿ ವೊಡಾಫೋನ್, ಐಡಿಯಾ ಒಂದಾದವು. ಉಳಿದದ್ದು ಮೂರು ಖಾಸಗಿ, ಒಂದು ಬಿಎಸ್‌ಎನ್‌ಎಲ್.

ಈ ಮೂವರು ದರ ಹೇಗೆ ಏರಿಸುತ್ತಾರೆ ನೋಡಿ. 2024ರ ಜೂನ್ 27ಕ್ಕೆ ಜಿಯೋ ಹೇಳಿತು, 28ಕ್ಕೆ ಏರ್‌ಟೆಲ್ ಹೇಳಿತು, ಅದೇ ದಿನ ವೊಡಾಫೋನ್ ಐಡಿಯಾ. ಜುಲೈ 3, 4ಕ್ಕೆ ಎಲ್ಲರದ್ದೂ ಜಾರಿ. ಒಬ್ಬರ 155ರ ಪ್ಯಾಕ್ 189 ಆಯಿತು, ಇನ್ನೊಬ್ಬರ 179ರದ್ದು 199. ಗುಟ್ಟಾಗಿ ಮಾತಾಡಿಕೊಂಡರು ಅಂತ ನಾನು ಆರೋಪ ಮಾಡುವುದಿಲ್ಲ. ಮಾತಾಡುವ ಅಗತ್ಯವೇ ಇಲ್ಲ. ಮೂರೇ ಜನ ಇರುವಾಗ ಒಬ್ಬ ಇಳಿಸಿದರೆ ಸಂಜೆಯೊಳಗೆ ಉಳಿದಿಬ್ಬರೂ ಇಳಿಸುತ್ತಾರೆ, ಯಾರಿಗೂ ಲಾಭ ಇಲ್ಲ. ಒಬ್ಬ ಏರಿಸಿದರೆ ಉಳಿದವರಿಗೆ ಗೊತ್ತು, ಗಿರಾಕಿ ಹೋಗುವುದಾದರೂ ಎಲ್ಲಿಗೆ? ಇದನ್ನು ಕಾನೂನಿನಲ್ಲಿ ಹಿಡಿಯಲು ಆಗುವುದಿಲ್ಲ. ಇ–ಮೇಲ್ ಕಳಿಸಿ ಸಿಕ್ಕಿಬಿದ್ದವರಿದ್ದಾರೆ: ಬಿಯರ್ ಕಂಪನಿಗಳು ದರದ ಬಗ್ಗೆ ತಮ್ಮತಮ್ಮಲ್ಲೇ ಮಾತಾಡಿಕೊಂಡವು ಅಂತ 2021ರಲ್ಲಿ ಸ್ಪರ್ಧಾ ಆಯೋಗ 870 ಕೋಟಿಗೂ ಹೆಚ್ಚು ದಂಡ ಹಾಕಿತು. ಅದರಲ್ಲಿ ದೊಡ್ಡ ಪಾಲು ನಮ್ಮ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ಗೆ. ಒಳಗಿನ ವಿಷಯ ಹೇಳಿಕೊಟ್ಟ ಇನ್ನೊಂದು ಕಂಪನಿಗೆ ದಂಡವೇ ಇಲ್ಲ. ಆದರೆ ಸುಮ್ನೆ ಪಕ್ಕದವನನ್ನು ನೋಡಿ ಏರಿಸುವುದು ತಪ್ಪು ಅಂತ ಯಾವ ಕಾನೂನೂ ಹೇಳುವುದಿಲ್ಲ.

28 ದಿನದ ತಿಂಗಳು ಇನ್ನೊಂದು ಜಾಣತನ. ವರ್ಷಕ್ಕೆ ಹದಿಮೂರು ರೀಚಾರ್ಜು. ಎಲ್ಲರೂ ಅದನ್ನೇ ಇಟ್ಟರು. ಕನಿಷ್ಠ ಒಂದಾದರೂ 30 ದಿನದ ಪ್ಯಾಕ್ ಇಡಿ ಅಂತ 2022ರಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ಹೇಳಬೇಕಾಯಿತು. ಇಟ್ಟರು. ಜನ ಮಾತ್ರ ಈಗಲೂ 28ರದ್ದನ್ನೇ ಹಾಕಿಸುತ್ತಿದ್ದಾರೆ.

2024ರ ಜುಲೈನಲ್ಲಿ ಒಂದು ತಮಾಷೆ ಆಯಿತು. ಸಿಟ್ಟಾದ ಜನ ಬಿಎಸ್‌ಎನ್‌ಎಲ್‌ಗೆ ಓಡಿದರು, ಒಂದೇ ತಿಂಗಳಲ್ಲಿ 29 ಲಕ್ಷದಷ್ಟು ಸಂಪರ್ಕ ಹೆಚ್ಚಾಯಿತು, ಮೂರೂ ಖಾಸಗಿ ಕಂಪನಿಗಳು ಗ್ರಾಹಕರನ್ನು ಕಳೆದುಕೊಂಡವು. ಬಿಎಸ್‌ಎನ್‌ಎಲ್ ಹತ್ತಿರ ಆವತ್ತು ಎಲ್ಲಾ ಕಡೆ 4ಜಿ ಇದ್ದಿದ್ದರೆ? ಆ ಮೂವರೂ ದೀಪಾವಳಿಗೆ ದರ ಇಳಿಸುತ್ತಿದ್ದರು ಅಂತ ನನ್ನ ನಂಬಿಕೆ. ಇರಲಿಲ್ಲ. ಉಳಿದವರು 5ಜಿ ಮಾರುತ್ತಿದ್ದಾಗ ಇದು ಇನ್ನೂ ಟವರಿಗೆ ಉಪಕರಣ ಹಾಕುತ್ತಿತ್ತು, ದೇಶದ ಮಟ್ಟದಲ್ಲಿ ಅದರ ಸ್ವದೇಶಿ 4ಜಿ ಉದ್ಘಾಟನೆ ಆದದ್ದು 2025ರ ಸೆಪ್ಟೆಂಬರ್‌ನಲ್ಲಿ. ಜಿಯೋ ಬಂದು ಒಂಬತ್ತು ವರ್ಷ ಆದ ಮೇಲೆ. ನಮ್ಮ ಗುಡ್ಡದ ಮೇಲೆ ಸಿಗ್ನಲ್ ಬರುವ ಒಂದೇ ಕಂಪನಿ ಅದು, ಕರೆಂಟು ಹೋದರೆ ಅದೂ ಇಲ್ಲ. ಇನ್ನೊಂದು ವಿಚಿತ್ರ ಕೇಳಿ: ಬಾಕಿ ಹಣದ ಬದಲಿಗೆ ಷೇರು ತೆಗೆದುಕೊಂಡು ವೊಡಾಫೋನ್ ಐಡಿಯಾದಲ್ಲೂ ಕೇಂದ್ರ ಸರ್ಕಾರದ ಪಾಲು ಈಗ ಹತ್ತಿರ ಹತ್ತಿರ ಅರ್ಧ. ನಾಲ್ಕು ಕಂಪನಿಯಲ್ಲಿ ಒಂದೂವರೆ ಸರ್ಕಾರದ್ದೇ, ಆದರೂ ದರ ಹೇಳುವವರು ಬೇರೆಯವರು.

ಕೆಎಸ್‌ಆರ್‌ಟಿಸಿಗೂ ಇದೇ ಗತಿ ಬರಬಾರದು ಅನ್ನುವುದಕ್ಕೆ ಇಷ್ಟೆಲ್ಲಾ ಬರೆದೆ. 2020ರ ನಂತರ ಟಿಕೆಟ್ ದರ ಏರಿಸಿದ್ದು 2025ರ ಜನವರಿಯಲ್ಲಿ, ಶೇಕಡ 15. ಎಲ್ಲರೂ ಬೊಬ್ಬೆ ಹಾಕಿದರು, ನಿಮ್ಮ ಪತ್ರಿಕೆಯೂ. ಆ ಐದು ವರ್ಷದಲ್ಲಿ ಡೀಸೆಲ್, ಬಿಡಿಭಾಗ, ಸಂಬಳ ಎಲ್ಲಾ ಏರಿತ್ತು. ಹೆಂಗಸರಿಗೆ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆ ಒಳ್ಳೆಯದೇ, ನಮ್ಮ ಮನೆಯ ಹೆಂಗಸರು ಈಗ ಕೇಳದೆಯೇ ಪುತ್ತೂರಿಗೆ ಹೋಗಿ ಬರುತ್ತಾರೆ, ಅದರ ದುಡ್ಡು ಸರ್ಕಾರದಿಂದ ಸಮಯಕ್ಕೆ ಸರಿಯಾಗಿ ನಿಗಮಕ್ಕೆ ಹೋಗಬೇಕು ಅಷ್ಟೇ. ಹೋಗದಿದ್ದರೆ ಹೊಸ ಬಸ್ಸು ಇಲ್ಲ. ಹೊಸ ಬಸ್ಸು ಇಲ್ಲದಿದ್ದರೆ ಹಬ್ಬದ ರಾತ್ರಿ ದರ ಯಾರು ಹೇಳುತ್ತಾರೆ ಅಂತ ಮೊದಲೇ ಹೇಳಿದೆ.

ಹಾಲಿನ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಸ್ವಲ್ಪ ಜನರಿಗೆ ಹಿಡಿಸಲಿಕ್ಕಿಲ್ಲ. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿನಲ್ಲಿ ಹಾಲು ಮಾರುತ್ತೇನೆ ಅಂದಾಗ ನಂದಿನಿ ಉಳಿಸಿ ಅಂತ ಕೂಗೆದ್ದಿತು, ಚುನಾವಣೆ ಬೇರೆ ಹತ್ತಿರ ಇತ್ತು. ಆಗ ನಂದಿನಿ ಟೋನ್ಡ್ ಹಾಲು ಲೀಟರ್‌ಗೆ 39, ಅಮುಲ್‌ನದ್ದು 54. ಹದಿನೈದು ರೂಪಾಯಿ ವ್ಯತ್ಯಾಸ ಇರುವಾಗ ಹೆದರುವುದು ಯಾಕೆ? ಆ ಕಡಿಮೆ ದರದ ಹಿಂದೆ ರೈತರಿಗೆ ಸರ್ಕಾರ ಕೊಡುತ್ತಿದ್ದ ಲೀಟರ್‌ಗೆ 5 ರೂಪಾಯಿ ಪ್ರೋತ್ಸಾಹಧನವೂ ಇತ್ತು, ಅದು ನಮ್ಮ ನಿಮ್ಮ ತೆರಿಗೆ. ನಂದಿನಿ ಪಟ್ಟಣದವರಿಗೆ ಒಳ್ಳೆಯ ಅಂಗಡಿ. ಹಳ್ಳಿಯಲ್ಲಿ ಹಾಲು ಹಾಕುವವರಿಗೆ ಮಾತ್ರ ಎಷ್ಟೋ ಕಡೆ ಡೇರಿ ಬಿಟ್ಟರೆ ಬೇರೆ ಬಾಗಿಲು ಇಲ್ಲ. ಬೆಲೆ ಏರಿಸಬೇಕೋ ಬೇಡವೋ ಅಂತ ತೀರ್ಮಾನ ಆಗುವುದು ವಿಧಾನಸೌಧದಲ್ಲಿ, ಹಿಂಡಿಯ ರೇಟು ಮಾತ್ರ ಯಾರನ್ನೂ ಕೇಳದೆ ಏರುತ್ತದೆ. 2025ರ ಏಪ್ರಿಲ್‌ನಲ್ಲಿ 4 ರೂಪಾಯಿ ಏರಿಸಿ ಅದು ರೈತರಿಗೇ ಅಂದರು, ಸಂತೋಷ. ನಂದಿನಿಗೂ ಒಬ್ಬ ಗಟ್ಟಿ ಎದುರಾಳಿ ಇದ್ದರೆ ಹಸು ಸಾಕುವವರು ಅಷ್ಟು ದಿನ ಕಾಯಬೇಕಾಗುತ್ತಿರಲಿಲ್ಲ ಅನ್ನುವುದು ನನ್ನ ಗುಮಾನಿ.

ಕೊನೆಗೆ ನಿಮ್ಮಲ್ಲೇ ಎರಡು ಕೋರಿಕೆ. ಮುಂದಿನ ಹಬ್ಬಕ್ಕೆ ಖಾಸಗಿ ಬಸ್ಸಿನ ದರ ಹಾಕುವಾಗ ಅದರ ಪಕ್ಕದಲ್ಲಿ ಆ ಊರಿಗೆ ಕೆಎಸ್‌ಆರ್‌ಟಿಸಿ ಎಷ್ಟು ವಿಶೇಷ ಬಸ್ಸು ಬಿಟ್ಟಿದೆ, ಟಿಕೆಟ್ ಎಷ್ಟು ಅಂತಲೂ ಹಾಕಿ. ಇನ್ನೊಂದು, ಧಾರಣೆ ಕಾಲಂನಲ್ಲಿ ಅಡಿಕೆ, ಕಾಳುಮೆಣಸು, ರಬ್ಬರ್ ದಿನಾ ಬರುತ್ತದೆ, ಹಸಿ ಕೊಕ್ಕೊ ಒಂದು ದಿನ ಇದ್ದರೆ ಎರಡು ದಿನ ಇಲ್ಲ. ಕ್ಯಾಂಪ್ಕೋ ದರ, ಖಾಸಗಿ ದರ ಎರಡನ್ನೂ ಅಕ್ಕಪಕ್ಕ ದಿನಾ ಹಾಕಿ ಸ್ವಾಮಿ. ಕೋಡು ಒಡೆಯುವ ಮೊದಲೇ ಪೇಪರ್ ನೋಡಿ ಹೊರಡುವವರು ನಮ್ಮ ಕಡೆ ತುಂಬಾ ಮಂದಿ ಇದ್ದಾರೆ.

ಇತಿ,
ಒಬ್ಬ ಅಡಿಕೆ ಬೆಳೆಗಾರ, ಪುತ್ತೂರು ತಾಲೂಕು